ಎನಿಡ್ ಆರಿಸಿದ ಫಿಲ್ಟರ್

ನಮ್ಮ ಬೀದಿಯ ಕ್ಲಿಫರ್ಡ್ ಸಗ್ಡನ್‌ನಂಥ ಹಠಮಾರಿ ಇಡೀ ಹಡರ್ಸ್‌ಫೀಲ್ಡ್ ಊರಿನಲ್ಲಿ ಇನ್ನೊಬ್ಬ ಸಿಗಲಾರ. ಮನೆ ಬೆಚ್ಚಗಿಡುವ ಬಾಯ್ಲರನ್ನು ಮನೆಮನೆಗೆ ಕೂಡಿಸುವುದೇ ಅವನ ಜೀವಮಾನದ ಕಸುಬು. ನಿವೃತ್ತನಾದ ಮೇಲೂ ತನ್ನ ಮನೆಯ ಪೈಪಿಗೆ ಇನ್ನೊಬ್ಬರ ಕೈ ಸೋಕಲು ಬಿಟ್ಟವನಲ್ಲ. ಹೆಂಡತಿ ಎನಿಡ್ ಗುಂಡಿ ತಿರುಗಿಸಿ ಕೋಣೆಯ ಬಿಸಿ ಒಂದಿಷ್ಟು ಹೆಚ್ಚಿಸಿದರೂ ಹಿಂದೆಯೇ ಹೋಗಿ ಇಳಿಸಿ ಬರುತ್ತಿದ್ದ.

ಹೋದ ಚಳಿಗಾಲದಲ್ಲಿ ಅವರ ಹಿಂದಿನ ಕೋಣೆಯಲ್ಲಿ, ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗೆ. ಒಳಗಿನ ತುಕ್ಕು ಕಪ್ಪು ಕೆಸರಾಗಿ ಕೂತಿತ್ತು. ಕ್ಲಿಫರ್ಡ್ ಅದನ್ನೆಲ್ಲ ತೊಳೆದು ತೆಗೆದ. ಇನ್ನು ಮುಂದೆ ಕೆಸರು ಬಾಯ್ಲರಿಗೆ ನುಗ್ಗದಂತೆ, ನೀರು ಹಿಂದಿರುಗುವ ಪೈಪಿಗೆ ಅಯಸ್ಕಾಂತದ ಫಿಲ್ಟರ್ ಹಾಕಬೇಕು. ಅದು ತುಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಗಾಗ ತೊಳೆದರಾಯಿತು. ಊರವರಿಗೆಲ್ಲ ಇಂಥವನ್ನು ಹಾಕಿಕೊಟ್ಟವನೇ ಅವನು. ಆದರೆ ಆ ವರ್ಷ ಬೇಸಿಗೆಯಲ್ಲಿ ಅವನ ಎದೆಯೊಳಗೆ ಪೇಸ್‌ಮೇಕರ್ ಕೂಡಿಸಿದ್ದರು. ಅಯಸ್ಕಾಂತದ ಹತ್ತಿರ ಸುಳಿಯಬಾರದೆಂದು ಡಾಕ್ಟರ ಕಟ್ಟಪ್ಪಣೆ.

ನಾನು ಪಕ್ಕದ ಮನೆಯವಳು. ಅವನು ಮಂಕು ಬಡಿದವನಂತೆ ಕೂತದ್ದು ನೋಡಲಾಗಲಿಲ್ಲ.

"ಬೇರೆ ಯಾರನ್ನಾದ್ರೂ ಕರೆಸು ಕ್ಲಿಫ್," ಎಂದೆ.

"ಯಾರೋ ಬಂದು ನನ್ನ ಬಾಯ್ಲರ್ ಮುಟ್ಟೋದಾ? ಅದಕ್ಕಿಂತ ಕೋಟು ಹಾಕ್ಕೊಂಡು ಕೂತಿರ್ತೀನಿ."

"ನೀನು ಕೂತಿರು, ಫಿಲ್ಟರ್ ನಾನು ತೊಳೀತೀನಿ," ಎಂದಳು ಎನಿಡ್, ಹೆಣಿಗೆಯಿಂದ ತಲೆ ಎತ್ತದೆ.

"ನೀನಾ?"

"ಇಷ್ಟು ವರ್ಷ ನಿನ್ನ ಕಾಲುಚೀಲ ತೊಳ್ದಿಲ್ವಾ? ಅದಕ್ಕಿಂತ ಗಲೀಜಿರತ್ತಾ ಅದು?"

ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಮೂವರೂ ಹೋದೆವು. ಕ್ಲಿಫರ್ಡ್ ಬಾಗಿಲಲ್ಲೇ ನಿಂತು ಹಿತ್ತಾಳೆಯದೊಂದನ್ನು ತೋರಿಸಿದ.

"ಅದು ತಗೋ. ನಾವಿಬ್ರೂ ಹೋದ್ಮೇಲೂ ಇರತ್ತೆ."

"ನಾವು ಹೋದ್ಮೇಲೆ ಅದಿದ್ದು ಏನ್ ಮಾಡತ್ತೆ?" ಎನ್ನುತ್ತ ಎನಿಡ್ ಮುಚ್ಚಳ ತಿರುಗಿಸಿದಳು. ಬೆರಳ ಗೆಣ್ಣುಗಳು ಊದಿದ ಕೈ ಅವಳದು. ಮುಚ್ಚಳ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇನ್ನೊಂದನ್ನು ಬಿಚ್ಚಲು ಬೇರೆಯದೇ ಒಂದು ಕೀಲಿ ಬೇಕಿತ್ತು. "ಆ ಕೀಲಿ ಹುಡುಕೋದ್ರಲ್ಲೇ ಚಳಿಗಾಲ ಮುಗಿಯತ್ತೆ," ಎಂದು ಅದನ್ನೂ ಸರಿಸಿದಳು. ಕೊನೆಗೆ ಸಿಕ್ಕಿದ್ದು ಪ್ಲಾಸ್ಟಿಕ್ಕಿನದು. ಮೇಲಿನಿಂದ ಅಯಸ್ಕಾಂತ ಎಳೆದು, ಕೆಳಗಿನ ಪುಟ್ಟ ನಲ್ಲಿ ತಿರುಗಿಸಿದರೆ ಕೊಳೆಯೆಲ್ಲ ಬಕೆಟ್ಟಿಗೆ. ಎನಿಡ್ ಎಳೆದು ನೋಡಿದಳು, ಸಲೀಸಾಗಿ ಬಂತು.

"ಪ್ಲಾಸ್ಟಿಕ್ಕು," ಎಂದ ಕ್ಲಿಫರ್ಡ್, ಮುಖ ಹುಳ್ಳಗೆ ಮಾಡಿಕೊಂಡು.

"ತೊಳೆಯೋಳು ನಾನು."

ಅವನು ದುಡ್ಡು ತೆಗೆದು ನನ್ನ ಕೈಗಿಟ್ಟ. ನನಗಂತೂ ಒಳಗೊಳಗೇ ಖುಷಿ.

ಮರಳುವಾಗ ಬಸ್ಸಿನಲ್ಲಿ ಅವನು ಖಾಲಿ ಫಿಲ್ಟರ್ ಹಿಡಿದು ಮುಂದೆ ಕೂತ. ಅಯಸ್ಕಾಂತವನ್ನು ಮಡಿಲಲ್ಲಿಟ್ಟುಕೊಂಡು ಎನಿಡ್ ಕೊನೆಯ ಸೀಟಿಗೆ ಹೋದಳು.

"ಏನ್ ತಾತ, ಜಗಳಾನಾ?" ಎಂದ ಡ್ರೈವರ್.

"ಡಾಕ್ಟ್ರ ಅಪ್ಪಣೆ ಕಣಪ್ಪ," ಎಂದಳು ಅವಳು ಹಿಂದಿನಿಂದಲೇ.

ಪೈಪು ಕತ್ತರಿಸಿ ಖಾಲಿ ಫಿಲ್ಟರ್ ಕೂಡಿಸಿದ್ದು ಅವನೇ. ಆಮೇಲೆ ಅಡುಗೆಮನೆಯಿಂದ ಆಚೆ ಬಂದು ನಿಂತ. ಅಯಸ್ಕಾಂತ ಇಳಿಸಿದ್ದು ಅವಳು. ಮೊದಮೊದಲು ತೊಳೆಯುವಾಗೆಲ್ಲ, ಬಾಯ್ಲರ್ ಆರಿಸು, ಆ ಕಡೆ ವಾಲ್ವ್ ಮುಚ್ಚು, ಈ ಕಡೆದೂ ಮುಚ್ಚು ಎಂದು ಬಾಗಿಲಿನಿಂದ ಅವನು ಕೂಗಿದ್ದು ನನ್ನ ಮನೆಗೆ ಕೇಳಿಸುತ್ತಿತ್ತು. ಎನಿಡ್ ಅವೆಲ್ಲವನ್ನೂ ಆಗಲೇ ಮಾಡಿ ಮುಗಿಸಿರುತ್ತಿದ್ದಳು.

ಅವರದು ನೋಡಿ ನಾನೂ ಅದನ್ನೇ ಹಾಕಿಸಿದೆ. ಮೊನ್ನೆ ತೊಳೆಯಲು ಎನಿಡ್ ಬಕೆಟ್ ಹಿಡಿದು ಬಂದಳು. ಹಿಂದೆಯೇ ಕ್ಲಿಫರ್ಡ್ ಬಂದು ಹೊಸ್ತಿಲಾಚೆ ನಿಂತ. ಈ ಸಲ ಕೂಗಲಿಲ್ಲ. ಡಾಂಬರಿನಂಥ ನೀರು ಹರಿದು ಖಾಲಿಯಾಗಿ, ಎಲ್ಲ ಮೊದಲಿನಂತೆ ಕೂಡಿಸಿದ ಮೇಲೆ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಕೆಳಗಿಳಿದಿತ್ತು. ಅಭ್ಯಾಸಬಲದಿಂದ ನಾನು ಬಾಗಿಲ ಕಡೆ ತಿರುಗಿದೆ.

"ಕ್ಲಿಫ್, ಈ ಮುಳ್ಳನ್ನ ಎಷ್ಟಕ್ಕೆ ಏರಿಸ್ಬೇಕು?"

ಅವನು ಎರಡೂ ಕೈ ಜೇಬಿಗಿಳಿಸಿದ.

"ನನ್ನನ್ಯಾಕೆ ಕೇಳ್ತೀಯಮ್ಮ? ಅವಳನ್ನ ಕೇಳು."

ಎನಿಡ್ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನನಗೆ ಹೇಳಿದಳು, "ಒಂದಕ್ಕಿಂತ ಚೂರು ಮೇಲೆ."