ನಾಯಿ ಇಲ್ಲದ ಮನೆ

ನನ್ನ ದೊಡ್ಡವ್ವ ಶಂಕ್ರೆವ್ವನ ಬಗ್ಗೆ ಯಾರಾದರೂ ನಾಲ್ಕು ಮಾತು ಬರೆಯುತ್ತಾರೆಂದು ಬಹಳ ವರ್ಷ ಕಾದೆ. ಕಂಡಕಂಡವರಿಗೆಲ್ಲ ಶಾಲು ಹೊದಿಸಿ ಹಾರ ಹಾಕುವ ಈ ಕಾಲದಲ್ಲಿ ಅವಳ ಕಡೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಆದ್ದರಿಂದ ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನೇ ಕನ್ನಡದಲ್ಲಿ ಬರೆಯಲು ಕುಳಿತಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವವರು ನಗಲಿ, ನನಗೇನೂ ಬೇಸರವಿಲ್ಲ.

ತುಬಚಿ ಕಡೆ ಹೋಗುವ ದಾರಿ ಬಿಟ್ಟು ಕಬ್ಬಿನ ನಡುವೆ ಒಳಕ್ಕೆ ಹೋದರೆ ಅವಳ ಮನೆ. ಹೀಗೆ ಹೊಲದಲ್ಲೇ ಮನೆ ಕಟ್ಟಿಕೊಂಡು ಇರುವುದಕ್ಕೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ. ಒಂದು ವಸ್ತಿಯಿಂದ ಕೂಗಿದರೆ ಪಕ್ಕದ ವಸ್ತಿಗೆ ಕೇಳುತ್ತದೆ. ಕಬ್ಬು ಆಳೆತ್ತರ ಬೆಳೆದ ಮೇಲೆ ಅದೂ ಅನುಮಾನ.

ಅವಳ ತವರು ಮುಧೋಳದ ಸೀಮೆ. ಮದುವೆಯಾಗಿ ಬರುವಾಗ ಟ್ರಂಕಿನ ಜೊತೆ ಒಂದು ಬೇಟೆ ನಾಯಿಯ ಮರಿಯನ್ನೂ ಉಡಿಯಲ್ಲಿ ಹಾಕಿಕೊಂಡು ಬಂದಿದ್ದಳಂತೆ. ಅತ್ತೆ ಹೊಸ್ತಿಲಲ್ಲೇ ಮೂಗು ಮುರಿದರು.

“ಬಂಗಾರ ತರತಾಳಂದ್ರ ನಾಯಿ ತಂದಾಳಲ್ಲ ಯವ್ವಾ!”

“ಬಂಗಾರ ಕಾಯಾಕ ಯಾರರೆ ಬೇಕಲ್ರಿ ಅತ್ತಿ,” ಎಂದಳಂತೆ ಮದುಮಗಳು.

ಅತ್ತೆ ಮತ್ತೆ ಅವಳ ಬಾಯಿಗೆ ಬಾಯಿ ಕೊಡಲಿಲ್ಲ ಎಂದು ನಮ್ಮ ದೊಡ್ಡಪ್ಪ ಶಿದ್ರಾಮಪ್ಪ ಇವತ್ತಿಗೂ ಹೇಳಿ ನಗುತ್ತಾರೆ.

ಆ ಮರಿಯ ವಂಶ ಈಗಲೂ ಅವಳ ಅಂಗಳದಲ್ಲಿ ಓಡಾಡುತ್ತಿದೆ. ಸಣ್ಣ ನಡು, ಉದ್ದ ಮೂತಿ, ನೆಲಕ್ಕೆ ಕಾಲು ತಾಗಿತೋ ಇಲ್ಲವೋ ಎನ್ನುವಂಥ ಓಟ. ಜೋಳದ ನುಚ್ಚಿಗೆ ಹಾಲು ಹಾಕಿ ತಾನೇ ಕಲಸಿ ಇಡುತ್ತಾಳೆ. ಗಂಡನ ಊಟಕ್ಕೆ ತಡವಾದೀತು, ನಾಯಿಗಳ ಊಟಕ್ಕೆ ಆಗದು. “ಮುಂದಿನ ಜನ್ಮಕ್ಕ ನಿನ್ನ ಅಂಗಳದಾಗ ನಾಯಾಗಿ ಹುಟ್ಟತೇನಿ ತಗಿ,” ಎಂದು ದೊಡ್ಡಪ್ಪ ಒಮ್ಮೆ ಅಂದರೆ, “ಮೊದ್ಲ ಓಡೂದು ಕಲೀರಿ,” ಎಂದಳು.

ಮಹಾಲಿಂಗಪುರ, ಬೀಳಗಿ, ಬನಹಟ್ಟಿ ಕಡೆಯಿಂದ ಮರಿ ಕೇಳಿಕೊಂಡು ಜನ ಬರುತ್ತಾರೆ. ಕೇಳಿದವರಿಗೆಲ್ಲ ಕೊಡುವವಳಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಯನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಾಳೆ: ಮನೆಯಲ್ಲಿ ಯಾರಿರುತ್ತಾರೆ, ಹಗಲು ಕಟ್ಟಿ ಹಾಕುತ್ತೀರಾ, ಊರು ಬಿಟ್ಟು ಹೋಗುವ ವಿಚಾರವಿದೆಯಾ? ಕೊನೆಯ ಪ್ರಶ್ನೆಗೆ ಹೌದು ಎಂದವರು ಬರಿಗೈಯಲ್ಲಿ ಹೋಗಬೇಕು. ಈ ತಳಿಯ ನಾಯಿ ಒಂದು ಮನೆಗೆ ಹೊಂದಿಕೊಂಡರೆ ಇನ್ನೊಂದು ಮನೆಯಲ್ಲಿ ಅನ್ನಕ್ಕೆ ಬಾಯಿ ಮುಟ್ಟಿಸುವುದಿಲ್ಲ ಎನ್ನುವುದು ಅವಳ ಮಾತು.

ಹೊಲದ ಮೋಟರಿನ ಸ್ಟಾರ್ಟರ್ ಕದಿಯುವವರ ಕಾಟ ಸುತ್ತಲೆಲ್ಲ ಹೆಚ್ಚಿದ್ದ ಕಾಲವೊಂದಿತ್ತು. ಅವಳ ನಾಯಿ ಒಬ್ಬನನ್ನು ಕಬ್ಬಿನಿಂದ ಹೊರಗೆಳೆದು ಕೆಡವಿತು. ದೊಡ್ಡವ್ವ ಅವನನ್ನು ಬೇವಿನ ಮರಕ್ಕೆ ಕಟ್ಟಿ, ರೊಟ್ಟಿ ಪಲ್ಯ ತಿನ್ನಿಸಿ, ಆಮೇಲೆ ಪೊಲೀಸರಿಗೆ ಕೊಟ್ಟಳು. ಯಾಕೆ ತಿನ್ನಿಸಿದೆ ಎಂದರೆ, “ಹಸ್ದಿದ್ದ. ಕಳ್ಳಗೂ ಹೊಟ್ಟಿ ಇರತೈತಿ,” ಎಂದಳು. ಅದರ ನಂತರ ಆ ದಾರಿಯ ವಸ್ತಿಗಳಲ್ಲಿ ಕಳವು ಎಂಬ ಮಾತೇ ಇಲ್ಲವಾಯಿತು. ಅದು ಅವಳ ಅಭಿಮಾನ. ನನ್ನದೂ ಹೌದು.

ಇಂಥ ಕಡೆಗೆ ಡೆನ್ಮಾರ್ಕ್ ದೇಶದ ಗಂಡ ಹೆಂಡತಿ ಬಂದರು. ಗಂಡ ಲಾರ್ಸ್ ಮುಧೋಳದ ಕಡೆಯ ಒಂದು ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂಡಿಸುವ ಎಂಜಿನಿಯರ್. ಹೆಂಡತಿ ಕಾರಿನ್ ಮನೆಯಲ್ಲೇ ಕೂತು ಪುಸ್ತಕಗಳಿಗೆ ಚಿತ್ರ ಬರೆಯುವವಳು, ಅವಳಿಗೆ ಪೇಟೆಯ ಗದ್ದಲ ಬೇಡವಾಗಿತ್ತು. ದೊಡ್ಡವ್ವನ ಪಕ್ಕದ ಹೊಲದಲ್ಲಿ ಬ್ಯಾಂಕಿನ ಪರಮಾನಂದ ಮಹಡಿ ಮನೆ ಕಟ್ಟಿಸಿ ಬೀಗ ಹಾಕಿಟ್ಟಿದ್ದರು. ಅದನ್ನೇ ಬಾಡಿಗೆಗೆ ಹಿಡಿದರು. ಕಾರಿನ್ ಎಂಬ ಹೆಸರು ವಸ್ತಿಯ ಹೆಂಗಸರ ಬಾಯಲ್ಲಿ ಕರೆವ್ವ ಆಯಿತು.

ಕಂಪನಿಯವರು ಕಾವಲಿಗೆ ಏನೂ ಕಡಿಮೆ ಮಾಡಲಿಲ್ಲ. ಎತ್ತರದ ಗೋಡೆ, ಅದರ ಮೇಲೆ ಮುಳ್ಳುತಂತಿ, ಮೂಲೆಮೂಲೆಗೆ ಕ್ಯಾಮೆರಾ, ಕಬ್ಬಿಣದ ಗೇಟು, ಗೇಟಿಗೆ ಭೀಮಪ್ಪ ಎಂಬ ಕಾವಲುಗಾರ. ಕಾರಿನ್‌ಗೆ ಇಷ್ಟೆಲ್ಲ ಇದ್ದರೂ ಒಂದು ನಾಯಿ ಇದ್ದರೆ ಚೆನ್ನ ಅನಿಸಿ, ಇಂಗ್ಲಿಷ್ ಬಲ್ಲವಳೆಂದು ನನ್ನನ್ನು ಜೊತೆಗೆ ಕರೆದುಕೊಂಡು ದೊಡ್ಡವ್ವನ ಹತ್ತಿರ ಹೋದಳು. ನಾನು ಮಾತು ದಾಟಿಸಿದೆ.

“ಎಷ್ಟ ದಿನಾ ಇರತಾಳಂತ?” ದೊಡ್ಡವ್ವ ಕೇಳಿದಳು.

“ಯಂತ್ರ ಕೂಡಿಸೂತನಕ. ಆಮ್ಯಾಲ ಹೋಗತಾರ.”

“ಹಂಗಾರ ಇಲ್ಲ ಅಂತ ಹೇಳು. ಚಾ ಕುಡದ ಹೋಗಂತ ಹೇಳು.”

ಚಹಾ ಕುಡಿದು ಬಂದೆವು. ಅಷ್ಟು ಕಾವಲಿದ್ದ ಮನೆಗೆ ಒಂದು ನಾಯಿ ಇಲ್ಲದಿದ್ದರೆ ಏನಾಯಿತು ಎಂದು ನಾನೂ ಸುಮ್ಮನಾದೆ.

ಆಗಬಾರದ್ದೆಲ್ಲ ಆಯಿತು. ಗೇಟಿನ ಭೀಮಪ್ಪನಿಗೆ ಆ ಸೀಮೆಯಲ್ಲಿ ನೆಂಟರಲ್ಲದವರೇ ಇರಲಿಲ್ಲ. ಬಂದವರೆಲ್ಲ ಮಾವ, ಅಳಿಯ, ಅಕ್ಕನ ಬೀಗರು. ಗೇಟು ತೆಗೆಯದೆ ಏನು ಮಾಡಿಯಾನು? ಒಬ್ಬಳು ಹಿತ್ತಲ ಬಾಗಿಲಲ್ಲಿ ಬದನೆಕಾಯಿ ಇಟ್ಟು ಹೋದಳು. ಇನ್ನೊಬ್ಬಳು ನಳದಲ್ಲಿ ಕಾಲು ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿ, ಕರೆವ್ವ ಏನು ಬೇಯಿಸುತ್ತಿದ್ದಾಳೆ ಎಂದು ನೋಡಿದಳು. ಮುಳ್ಳುತಂತಿಯ ಮೇಲೆ ಯಾರದೋ ಸೀರೆ ಒಣಗುತ್ತಿತ್ತು. ಕ್ಯಾಮೆರಾಗಳು ತಮ್ಮ ಕೆಲಸ ಚೆನ್ನಾಗಿಯೇ ಮಾಡಿ ಇದನ್ನೆಲ್ಲ ಕಾರಿನ್‌ಳ ಫೋನಿಗೆ ಕಳಿಸುತ್ತಿದ್ದವು. ಯಾರೋ ಸದಾ ಮನೆಯ ಸುತ್ತ ಸುಳಿಯುತ್ತಾರೆ, ಸದ್ದಿಲ್ಲದೆ ಬರುತ್ತಾರೆ, ಹೋಗುತ್ತಾರೆ. ಅವಳ ಮುಖ ಇಳಿಯುತ್ತಾ ಬಂತು.

ಒಂದು ಮಧ್ಯಾಹ್ನ ಅವಳು ಸ್ನಾನ ಮುಗಿಸಿ ಹೊರಗೆ ಬಂದರೆ ಪಡಸಾಲೆಯ ಕುರ್ಚಿಯಲ್ಲಿ ಪಟಕಾ ಸುತ್ತಿದ ಒಬ್ಬ ಮುದುಕರು ಕೂತು ನೀರು ಕುಡಿಯುತ್ತಿದ್ದರು. ಆಚೆ ವಸ್ತಿಯ ಬಸಗೊಂಡಪ್ಪ. ಅಣ್ಣತಮ್ಮಂದಿರ ಹೊಲ ಪಾಲು ಮಾಡುವಾಗ ಸುತ್ತಲ ಜನ ಕರೆಯುವುದು ಇವರನ್ನೇ. ಮೊಮ್ಮಗಳಿಗೆ ಕುಬಸ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಬಳೆ ತೊಡಿಸಿ ಆರತಿ ಎತ್ತುವ ಆ ಕಾರ್ಯಕ್ಕೆ ಕರೆವ್ವನನ್ನು ಖುದ್ದಾಗಿ ಕರೆಯಲು ಬಂದಿದ್ದರು. ಕಾರಿನ್ ಕಿಟಾರನೆ ಕಿರುಚಿ ಕೋಣೆ ಸೇರಿ ಚಿಲಕ ಹಾಕಿಕೊಂಡು ಗಂಡನಿಗೆ ಫೋನು ಮಾಡಿದಳು. ಗಂಡ ಕಂಪನಿಗೆ ಮಾಡಿದ. ಸಂಜೆಯೊಳಗೆ ಪೊಲೀಸ್ ಜೀಪು ಬಸಗೊಂಡಪ್ಪನವರ ಅಂಗಳದಲ್ಲಿ ನಿಂತಿತ್ತು.

ಪೊಲೀಸರು ಕೇಳಿದ್ದು ನಾಲ್ಕು ಮಾತು, ಆಮೇಲೆ ಕೈ ಮುಗಿದು ಹೋದರು. ಆದರೆ ಜೀಪು ನಿಂತದ್ದನ್ನು ಊರೇ ನೋಡಿತ್ತು. ಕುಬಸಕ್ಕೆ ಬಂದ ಬೀಗರ ಮುಂದೆ ಬಸಗೊಂಡಪ್ಪ ತಲೆ ಎತ್ತಲಿಲ್ಲವಂತೆ. ವಸ್ತಿಯವರು ಆ ಮನೆಯ ಕಡೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದರು. ಇತ್ತ ಕಂಪನಿಯವರು, ಆ ಜಾಗ ಸುರಕ್ಷಿತವಲ್ಲ, ಸೋಮವಾರ ಲಾರಿ ಕಳಿಸುತ್ತೇವೆ, ಬೆಳಗಾವಿಗೆ ಬನ್ನಿ ಎಂದರು.

ಸುದ್ದಿ ತಿಳಿದ ದೊಡ್ಡವ್ವ ನನಗೆ ಫೋನು ಮಾಡಿದಳು. ಅವಳ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ನಮ್ಮ ವಸ್ತಿ ಕಳ್ಳರ ವಸ್ತಿ ಅಂತ ಹೇಳಿ ಹೊಂಟಾರಂತ, ಖರೆ ಏನ ವೈಶಾಲಿ?”

“ಹಂಗ ಅಂದಿಲ್ಲ ದೊಡ್ಡವ್ವ. ಆದ್ರ ಅರ್ಥ ಅದಽ.”

“ಬಾ ಇಲ್ಲಿ. ತಪ್ಪ ನಂದೈತಿ.”

ಹೋದೆ. ಅಂಗಳದಲ್ಲಿ ಕೂತು ಅವಳು ವಿವರಿಸಿದ ಮೇಲೆ, ಅದೇ ನೆಲದಲ್ಲಿ ಹುಟ್ಟಿ ಬೆಳೆದ ನಮಗ್ಯಾರಿಗೂ ಅದು ಹೊಳೆಯದಿದ್ದದ್ದಕ್ಕೆ ತಲೆ ಚಚ್ಚಿಕೊಳ್ಳುವಂತಾಯಿತು. ವಸ್ತಿಯ ಮನೆಗಳಿಗೆ ಕರೆಗಂಟೆ ಇಲ್ಲ. ಪ್ರತಿ ಮನೆಯಲ್ಲೂ ನಾಯಿ ಇರುತ್ತದೆ. ಬಂದವರು ದೂರದ ಬದುವಿನ ಮೇಲೇ ನಿಂತು “ನಾಯಿ ಹಿಡೀರಿ!” ಎಂದು ಕೂಗಬೇಕು. ಮನೆಯವರು ನಾಯಿ ಹಿಡಿದು “ಹಿಡದೇವಿ, ಬರ್ರಿ!” ಎಂದ ಮೇಲೇ ಮುಂದಕ್ಕೆ ಹೆಜ್ಜೆ. ಅಷ್ಟರಲ್ಲಿ ಒಳಗಿನವರು ಸೆರಗು ಸರಿಮಾಡಿಕೊಳ್ಳುತ್ತಾರೆ, ಚಹಾಕ್ಕೆ ನೀರಿಡುತ್ತಾರೆ. ನಾಯಿ ಇಲ್ಲದ ಮನೆಯ ಮುಂದೆ ನಿಂತು ಏನೆಂದು ಕೂಗುವುದು? ಯಾರೂ ಕೂಗಲಿಲ್ಲ. ಸೀದಾ ಒಳಗೆ ಹೋದರು.

“ನಾ ಮರಿ ಕೊಟ್ಟಿದ್ರ ಬಸಗೊಂಡಪ್ಪ ಕಾಕಾ ಬದುವಿನ ಮ್ಯಾಲ ನಿಂತ ಒದರತಿದ್ದ,” ಎಂದಳು ದೊಡ್ಡವ್ವ. “ಹೋಗೂ ಮಂದಿ ಅಂತ ಬಿಗುಮಾನ ಮಾಡಿದೆ. ಇರೂತನಕನಾದ್ರೂ ಅವರು ನಮ್ಮ ಮಂದಿನಽ ಅಲ್ಲೇನು?”

ಹೊಸದಾಗಿ ಕಣ್ಣು ಬಿಟ್ಟು ಓಡಾಡುತ್ತಿದ್ದ ಮರಿಗಳಲ್ಲಿ ಚುರುಕಾದ ಒಂದನ್ನು ಎತ್ತಿಕೊಂಡು ಎದ್ದಳು. ಇರುತ್ತಾಳೋ ಹೋಗುತ್ತಾಳೋ ಗೊತ್ತಿಲ್ಲದವಳಿಗೆ ಅವಳು ಮರಿ ಕೊಟ್ಟದ್ದು ಅದೇ ಮೊದಲು. ಅವಳ ಮುಂದೆ ಅಳುವ ಧೈರ್ಯವಿಲ್ಲದೆ ನಾನು ಹಿಂದೆ ನಡೆದೆ.

ಕಾರಿನ್ ಸಾಮಾನು ಕಟ್ಟುತ್ತಿದ್ದಳು. ದೊಡ್ಡವ್ವ ಮರಿಯನ್ನು ಅವಳ ತೊಡೆಯ ಮೇಲೆ ಇಟ್ಟು ನೆಲಕ್ಕೆ ಕೂತಳು. ನಾನು ಎಲ್ಲ ಹೇಳಿದೆ, ನಾಯಿಯ ಮಾತು, ಬದುವಿನ ಮಾತು, ಕುಬಸದ ಮಾತು. ಕುಬಸ ಎಂದರೇನು ಎಂದು ತಿಳಿದಾಗ ಕಾರಿನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಇರೂದು ಹೋಗೂದು ನಿನ್ನ ಮರ್ಜಿ,” ಎಂದಳು ದೊಡ್ಡವ್ವ ನೇರ ಅವಳಿಗೇ, ನನ್ನ ಕಡೆ ನೋಡದೆ. “ಅಂಜಿಕಿ ಆಗಿದ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಹಿರ್ಯಾಗ ಕಳ್ಳ ಅನ್ನೂ ಹೆಸರ ಇಟ್ಟ ಹೋಗಬ್ಯಾಡ.”

ನಾನು ಅದನ್ನು ದಾಟಿಸಿದಾಗ ಕಾರಿನ್ ಮರಿಯ ಕಿವಿ ಸವರಿದಳು. ಆಮೇಲೆ ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ನಾನು ಆ ಹಿರಿಯರ ಮನೆಗೆ ಹೋಗುತ್ತೇನೆ. ಅವರು ನನ್ನನ್ನು ಕರೆದರೆ ಇಲ್ಲೇ ಇರುತ್ತೇನೆ. ಕರೆಯದಿದ್ದರೆ ಈ ನೆಲದಲ್ಲಿ ಇರುವ ಮುಖ ನನಗಿಲ್ಲ. ಹೇಗೆ ಕೂಗಬೇಕು, ಕಲಿಸಿ ಅನ್ನಿ.

ಆ ಅಡುಗೆಮನೆಯಲ್ಲಿ ಮುಂದೆ ನಡೆದ ಪಾಠವನ್ನು ನೆನೆದರೆ ಈಗಲೂ ನಗು ಬರುತ್ತದೆ. “ಹೊಟ್ಟಿಯಿಂದ ಒದರಬೇ! ಪುಸ್ತಕ ಓದಿದಂಗ ಒದರಬ್ಯಾಡ!” ಎಂದು ದೊಡ್ಡವ್ವ ಗದರುತ್ತಿದ್ದಳು. ಗೇಟಿನಲ್ಲಿದ್ದ ಭೀಮಪ್ಪ ಗಾಬರಿಯಾಗಿ ನಿಜವಾಗಿ ನಾಯಿ ಹಿಡಿಯಲು ಓಡಿ ಬಂದ.

ಭಾನುವಾರ ಬೆಳಿಗ್ಗೆ ಹೋದೆವು. ಲಾರ್ಸ್ ಕೂಡ ಬಂದಿದ್ದ, ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದ. ಬಸಗೊಂಡಪ್ಪನವರ ಬದುವಿನ ಮೇಲೆ ಕಾರಿನ್ ಒಬ್ಬಳನ್ನೇ ಮುಂದೆ ಬಿಟ್ಟು ದೊಡ್ಡವ್ವ ನಮ್ಮನ್ನು ಹಿಂದೆ ನಿಲ್ಲಿಸಿದಳು.

“ನಾಯೀ ಹಿಡೀರೀ!”

ಕರಿ ನಾಯಿ ಬೊಗಳುತ್ತಾ ಅಂಗಳದಿಂದ ನುಗ್ಗಿತು. ಒಳಗಿನಿಂದ ಯಾರೂ ಬರಲಿಲ್ಲ. ಬಾಗಿಲ ಹಿಂದೆ ಬಿಳಿ ಧೋತರದ ಅಂಚು ಮಾತ್ರ ಕಂಡಿತು. ಇದ್ದಾರೆ, ಆದರೆ ಬರುತ್ತಿಲ್ಲ. ನಾನು ಕೂಗಲು ಬಾಯಿ ತೆರೆದರೆ ದೊಡ್ಡವ್ವ ರಟ್ಟೆ ಹಿಡಿದಳು.

“ಸುಮ್ನಿರು. ಒದರೂದು ಅಕಿ ಪಾಲಿಂದು.”

ಕಾರಿನ್ ಮತ್ತೆ ಕೂಗಿದಳು. ನಾಯಿ ಅವಳ ಕಾಲ ಹತ್ತಿರಕ್ಕೇ ಬಂದು ಹಲ್ಲು ಕಿರಿಯಿತು. ಅವಳು ಹಿಂದೆ ಸರಿಯಲಿಲ್ಲ. ಇನ್ನೊಮ್ಮೆ ಕೂಗುವಾಗ ಧ್ವನಿ ನಡುವೆಯೇ ಒಡೆದುಹೋಯಿತು. ದೊಡ್ಡವ್ವ ತುಟಿ ಕಚ್ಚಿಕೊಂಡು ನಿಂತಿದ್ದಳು. ವೈರಿಯೇ ಬಂದು ಕೂಗಿದರೂ ಮನೆಯವರು ನಾಯಿ ಹಿಡಿಯದೆ ಇರಬಾರದು, ಅದು ವಸ್ತಿಯ ಧರ್ಮ. ಆದರೆ ಮನಸ್ಸು ಮುರಿದ ಹಿರಿಯರ ಮುಂದೆ ಧರ್ಮ ಎಷ್ಟು ಹೊತ್ತು ನಿಂತೀತು ಎಂದು ಅವಳಿಗೂ ಗೊತ್ತಿರಲಿಲ್ಲ.

ಬಾಗಿಲು ಸರಿಯಿತು. ಬಸಗೊಂಡಪ್ಪ ನಿಧಾನವಾಗಿ ಇಳಿದು ಬಂದು ಬಗ್ಗಿ ನಾಯಿಯ ಕೊರಳಿಗೆ ಕೈ ಹಾಕಿದರು.

“ಹಿಡದೇನಿ. ಬರ್ರಿ.”

ಕಾರಿನ್ ಅವರ ಮುಂದೆ ಹೋಗಿ ನಿಂತು, “ತಪ್ಪಾತ್ರಿ ಯಪ್ಪಾ,” ಎಂದಳು. ಆ ಮಾತನ್ನು ನಾನು ಕಲಿಸಿರಲಿಲ್ಲ, ದೊಡ್ಡವ್ವನೂ ಕಲಿಸಿರಲಿಲ್ಲ. ಯಾರನ್ನು ಕೇಳಿ ಕಲಿತಿದ್ದಳೋ.

ಮುದುಕರು ನಾಯಿಯನ್ನು ಹಿಡಿದುಕೊಂಡೇ ಅವಳ ಮುಖ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು.

“ನಂದೂ ತಪ್ಪಾತವ್ವಾ,” ಎಂದರು. “ನಿಮ್ಮ ಮನ್ಯಾಗ ನಾಯಿ ಇಲ್ಲಂತ ಒದರಲಿಲ್ಲ ನಾ. ಮನ್ಯಾಗ ಮನಿಷಾರು ಇದ್ರಲ್ಲ, ಅವರ ಸಲುವಾಗಿ ಒದರಬೇಕಿತ್ತು.”

ನಾನು ಕಾರಿನ್‌ಗೆ ಅದನ್ನು ಹೇಳಬೇಕಿತ್ತು. ಮುದುಕರನ್ನೇ ನೋಡುತ್ತಾ ಅದನ್ನೇ ಮರೆತೆ. ದೊಡ್ಡವ್ವ ಪಕ್ಕೆಗೆ ತಿವಿದಳು. ಅವಳ ಕಣ್ಣಲ್ಲೂ ನೀರು, ತಲೆ ಮಾತ್ರ ಎಂದಿಗಿಂತ ಎತ್ತರ.

“ಹೇಳ ಅಕೀಗಿ,” ಎಂದಳು. “ಅಕಿ ಗಂಡಗೂ ಹೇಳು. ಲಾರಿ ಬ್ಯಾಡಂತ ಫೋನ್ ಮಾಡ್ಲಿ.”