ಅಪ್ಪ ಶಿಲುಬೆ ದಾಟಿಸಿದ ಶುಕ್ರವಾರ

ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ, ಗಾವಡಗೆರೆ ಕಡೆಯ ನಮ್ಮೂರಿಗೆ ತಪಸ್ಸುಕಾಲ ಬಂತೆಂದರೆ ಈಸ್ಟರ್‌ವರೆಗೂ ಬಾಡಿನ ವಾಸನೆ ಇರುತ್ತಿರಲಿಲ್ಲ. ಹುರುಳಿ ಸಾರು, ಮುದ್ದೆ, ಅಷ್ಟೇ. ಅಪ್ಪ ಬೀಡಿಯನ್ನೂ ಬಿಡುತ್ತಿದ್ದ. ಗುಡ್ ಫ್ರೈಡೆಗೆ ಚರ್ಚಿನ ಗಂಟೆ ಹೊಡೆಯುವುದಿಲ್ಲ, ಮರದ ಗಿಲಕಿ ಆಡಿಸುತ್ತಾರೆ. ಆ ಗಿಲಕಿಗೆ ಹುಡುಗರು ಕಿತ್ತಾಡುತ್ತಿದ್ದೆವು.

ಅವತ್ತಿನ ಶಿಲುಬೆ ಹಾದಿಗೆ ನಮ್ಮೂರಲ್ಲಿ ಒಂದು ಕಟ್ಟಳೆ ಇತ್ತು. ಮತ್ತಿ ಮರದ ಶಿಲುಬೆ ಹೊತ್ತು ಬೀದಿ ಸುತ್ತುವಾಗ, ಮನೆಗಳ ಮುಂದೆ ನಿಂತು ಪ್ರಾರ್ಥನೆ ಮಾಡಿ ಹೆಗಲು ಬದಲಿಸುತ್ತಿದ್ದರು. ಹೊತ್ತವನು ಯಾರೊಂದಿಗಾದರೂ ಮಾತು ಬಿಟ್ಟಿದ್ದರೆ, ಅವನ ಮನೆ ಮುಂದೆ ಶಿಲುಬೆಯನ್ನು ಅವನಿಗೇ ದಾಟಿಸಬೇಕು. ತಪ್ಪು ತನ್ನದಾದರೆ ಎಲ್ಲರೆದುರು ಹೇಳಿಯೇ ದಾಟಿಸಬೇಕು.

ಆ ವರ್ಷ ಅಪ್ಪನ ಸರದಿ. ಹಿಂದಿನ ಮಳೆಗಾಲದಲ್ಲಿ ಚೌರಪ್ಪ ಚಿಕ್ಕಪ್ಪನ ಬ್ಯಾರನ್, ಅಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸುವ ಮನೆ, ಸೊಪ್ಪಿನ ಸಮೇತ ಸುಟ್ಟುಹೋಗಿತ್ತು. ಚಿಕ್ಕಪ್ಪ ಪಕ್ಕದ ತಾಲ್ಲೂಕಿನ ಕೋಟೆಗೆ ಮದುವೆಗೆ ಹೋಗಿದ್ದ. ಬೆಂಕಿ ನೋಡಿಕೊಳ್ಳುತ್ತಿದ್ದವನು ಅಪ್ಪ. ಕಾವಿನ ಪೈಪು ತೂತಾಗಿತ್ತು, ಚಿಕ್ಕಪ್ಪ ಅದನ್ನು ರಿಪೇರಿ ಮಾಡಿಸಿರಲಿಲ್ಲ ಎಂದು ಅಪ್ಪ ಊರಿಗೆಲ್ಲ ಹೇಳಿದ್ದ. ಅಲ್ಲಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಗುರುವಾರ ಸಂಜೆ ಅವ್ವ ಮುದ್ದೆ ತಿರುವುತ್ತಾ ಕೇಳಿದಳು: "ನಾಳೆ ಯಾರ್ಗ್ ದಾಟುಸ್ತೀಯ?"

"ಯಾರ್ಗೋ ಕೊಡ್ತೀನಿ ಬುಡು. ಒಪ್ಪತ್ತಲ್ಲಿವ್ನಿ, ತಲೆ ತಿನ್‌ಬ್ಯಾಡ."

"ಬಾಡ್ ಬುಟ್ಟೆ, ಬೀಡಿ ಬುಟ್ಟೆ. ಸುಳ್ಳ್ ಬುಡಾಕೇನ್ ರೋಗ? ಯೇಸುಸ್ವಾಮಿ ಪ್ರಾಣನೇ ಕೊಟ್ಟವ್ರೆ. ನಿಂಗೊಂದ್ ಮಾತ್ ಆಡಾಕಾಗಲ್ವಾ?"

ಅಪ್ಪ ಮುದ್ದೆ ಮುಟ್ಟದೆ ಎದ್ದ.

ಮಾರನೆಯ ದಿನ ಕಾಲು ಸುಡುವ ಬಿಸಿಲು. ಅಪ್ಪ ಶಿಲುಬೆ ಹೊತ್ತು ಚಿಕ್ಕಪ್ಪನ ಮನೆ ಮುಂದೆ ಬಂದಾಗ, ಅವನು ಜಗಲಿ ಮೇಲೆ ಕೈಕಟ್ಟಿ ನಿಂತಿದ್ದ. ಪ್ರಾರ್ಥನೆ ಮುಗಿಯಿತು. ಬೇರೊಬ್ಬರು ಹೆಗಲು ಕೊಡಲು ಬಂದರು. ಅಪ್ಪ ಕೊಡಲಿಲ್ಲ.

"ಚೌರ, ಬಾಪ್ಪ ಇಲ್ಲಿ. ಪೈಪ್ ಸರಿಯಾಗೇ ಇತ್ತು. ನಾನೇ ಸೌದೆ ತುರುಕಿ ಮಲಗ್‌ಬುಟ್ಟೆ. ತಪ್ಪು ನಂದು."

ಗಿಲಕಿ ನಿಂತಿತು.

"ಊರೋರೆಲ್ಲ ನನ್ನ ದಡ್ಡ ಅಂದ್ರಲ್ಲಣ್ಣ, ಆಗೆಲ್ಲೋಗಿದ್ದೆ?"

"ಇಲ್ಲೇ ಇದ್ದೆ. ಸುಮ್ಕಿದ್ದೆ."

"ಬ್ಯಾರನ್ ಯಾರ್ ಕಟ್ಟೋರು?"

"ನಾನೇ ಕಟ್ತೀನಿ."

"ಅಂಗಾರೆ ಕೊಡು," ಎಂದು ಚಿಕ್ಕಪ್ಪ ಇಳಿದು ಬಂದು ಹೆಗಲೊಡ್ಡಿದ.

ಈಸ್ಟರ್ ಮುಗಿದ ಬೆಳಿಗ್ಗೆಯೇ ಅಪ್ಪ ಮಣ್ಣು ತುಳಿಯಲು ನಿಂತ. ಅವ್ವ ಹಂದಿ ಸಾರು, ಕಡುಬು ಅಲ್ಲಿಗೇ ತಂದಳು. ಗೋಡೆಯ ಮೊದಲ ಸಾಲು ನೋಡಿ ಚಿಕ್ಕಪ್ಪ ಅಣಕಿಸಿದ: "ಗ್ವಾಡೆ ವಾರೆ ಆಯ್ತದೆ ಕಣಣ್ಣ. ಎದ್ದಿದೀಯೋ ಮಲಗಿದೀಯೋ?" ಅಪ್ಪ ಬಾಯ್ತುಂಬ ಕಡುಬು ಇಟ್ಟುಕೊಂಡೇ ನಕ್ಕ.

ಶಾಲೆಯಲ್ಲಿ ಒಬ್ಬ "ನಿಮ್ಮಪ್ಪ ನಿದ್ದೆಬುರುಕ" ಎಂದ. ನಾನು ಎದೆಯುಬ್ಬಿಸಿ ಹೇಳಿದೆ: "ನಿಮ್ಮಪ್ಪ ಊರೆದುರ್ಗೆ ಅಂಗಂತ ಒಪ್ಕೊತಾನೇನ್ಲಾ?"

ಈಗಲೂ ತಪಸ್ಸುಕಾಲ ಬರುತ್ತದೆ. ಬಾಡು ಬಿಡುತ್ತೇವೆ. ಕೆಲವರು ಮೊಬೈಲ್ ಗೇಮ್ ಬಿಟ್ಟು ಅದನ್ನೇ ಸ್ಟೇಟಸ್ ಹಾಕುತ್ತಾರೆ. ಶಿಲುಬೆ ಫೈಬರಿನದು, ಒಂದೇ ಕೈಯಲ್ಲಿ ಎತ್ತಬಹುದು. ಯಾರ ನಂತರ ಯಾರು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಮಾತು ಬಿಟ್ಟವರ ಬಾಗಿಲಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮತ್ತಿ ಮರದ ಶಿಲುಬೆ ಚರ್ಚಿನ ಹಿಂದೆ ಗೆದ್ದಲು ಹಿಡಿದು ಬಿದ್ದಿದೆ.

ಬ್ಯಾರನ್ ಮಾತ್ರ ನಿಂತಿದೆ. ಗೋಡೆ ವಾರೆಯೇ. ಹೋದ ಸಲ ನನ್ನ ಸೊಪ್ಪನ್ನೂ ಅದರಲ್ಲೇ ಬೇಯಿಸಿದೆ. ಬಂದವರಿಗೆ ಆ ಗೋಡೆ ತೋರಿಸಿ, ನಮ್ಮಪ್ಪ ಕಟ್ಟಿದ್ದು ಎನ್ನುತ್ತೇನೆ. ಯಾಕೆ ಕಟ್ಟಿದ ಎಂದೂ ಹೇಳುತ್ತೇನೆ.