ಬೀಗ ಹಾಕಿದ್ದ ಎರಡು ಕೋರುಗಳು

ಲಾಯಿಲದ ನಮ್ಮ ಮನೆಗೆ ಕಂಪ್ಯೂಟರ್ ತಂದದ್ದು ನನ್ನ ಜ್ಞಾನಾರ್ಜನೆಗೆ ಎಂದು ಊರಿಡೀ ಹೇಳಿಕೊಂಡಿದ್ದೆ. ನಿಜಕ್ಕೂ ಅದು ದುಡಿದದ್ದು ಅಮ್ಮನಿಗಾಗಿ. ಗಲ್ಫಿನಲ್ಲಿದ್ದ ನನ್ನ ತಂಗಿಗೆ ಹೆಣ್ಣುಮಗು ಹುಟ್ಟಿತ್ತು. ಮೊಬೈಲಿನಲ್ಲಿ ಮುಖ ನೋಡುತ್ತ ಮಾತಾಡುವ ಕಾಲ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಸಂಜೆಯಾದರೆ ಅಮ್ಮ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಚಿತ್ರವೇನೋ ಬರುತ್ತಿತ್ತು, ಆದರೆ ನಿಲ್ಲಬಾರದ ಕಡೆ ನಿಂತುಬಿಡುತ್ತಿತ್ತು. ಒಮ್ಮೆ ತಂಗಿಯ ಅರ್ಧ ತೆರೆದ ಬಾಯಿಯ ಮೇಲೆ, ಇನ್ನೊಮ್ಮೆ ಅವರ ಕೋಣೆಯ ಸೀಲಿಂಗಿನ ಮೇಲೆ. ಮೊಮ್ಮಗಳಿಗಿಂತ ಹೆಚ್ಚು ಗಲ್ಫಿನ ಮನೆಯ ಮಾಡನ್ನೇ ನೋಡಿದ್ದೇನೆ ಎಂದು ಅಮ್ಮ ದೂರುತ್ತಿದ್ದರು.

ಅಷ್ಟರಲ್ಲಿ ಅಲ್ಲೇ ಮಗುವಿನ ನಾಮಕರಣ ನಿಶ್ಚಯವಾಯಿತು. ನಮ್ಮ ಮನೆಯ ಕ್ರಮದಂತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದದ್ದು ಹಿರಿಯ ಹೆಂಗಸು. ಅಮ್ಮನಿಗೆ ಪಾಸ್‌ಪೋರ್ಟೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಮಗುವಿನ ಮುಖ ನೋಡುತ್ತ ಇಲ್ಲಿಂದಲೇ ಹೇಳುವುದೆಂದಾಯಿತು. ಆ ಒಂದು ಗಳಿಗೆಯಲ್ಲಾದರೂ ಮುಖ ಸರಿಯಾಗಿ ಕಾಣಬೇಕು, ಅವರಿಗಿದ್ದದ್ದು ಅದೊಂದೇ ಆಸೆ. ಕಾಣಿಸಿಕೊಡುವ ಜವಾಬ್ದಾರಿಯನ್ನು ನಾನು ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ.

ಮೂಡುಬಿದಿರೆಗೆ ಬಸ್ಸು ಹತ್ತಿ, ಕಂಪ್ಯೂಟರಿನ ವೇಗ ಹೆಚ್ಚಲೆಂದು ಇನ್ನೊಂದು ರ‍್ಯಾಮ್ ಕೊಂಡೆ. ಅಂಗಡಿಯವರು ಮಾತಿನ ನಡುವೆ ಒಂದು ಗುಟ್ಟು ಹೇಳಿದರು. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗಕ್ಕೆ ಕೋರ್ ಎನ್ನುತ್ತಾರಂತೆ. ಎರಡು ಕೋರ್ ಎಂದು ನಾನು ಕೊಂಡಿದ್ದ ಪ್ರೊಸೆಸರಿನಲ್ಲಿ ಇದ್ದದ್ದು ನಾಲ್ಕು, ಎರಡಕ್ಕೆ ಕಂಪೆನಿಯೇ ಬೀಗ ಹಾಕಿದೆ, ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದರೆ ಬೀಗ ತೆರೆಯುತ್ತದೆ. ಪರೀಕ್ಷೆಯಲ್ಲಿ ದುರ್ಬಲ ಎಂದು ಕಂಡದ್ದಕ್ಕೇ ಬೀಗ ಬೀಳುವುದು, ಕೈ ಹಾಕದಿದ್ದರೆ ಒಳ್ಳೆಯದು ಎಂದೂ ಅವರು ಹೇಳಿದ್ದರು. ಆ ಭಾಗ ನನ್ನ ಕಿವಿಗೆ ಬೀಳಲಿಲ್ಲ. ನಮ್ಮ ಕಡೆಯವರ ಬುದ್ಧಿಯೇ ಅಷ್ಟು. ನಮ್ಮ ಮನೆಯ ಸೋರುವ ಕೋಣೆಗೆ ನಾವೇ ಬೀಗ ಹಾಕಿಟ್ಟಿರುತ್ತೇವೆ, ಪಕ್ಕದ ಮನೆಯವ ಹಾಕಿದರೆ ಮಾತ್ರ ಒಳಗೆ ಬಂಗಾರವೇ ಇರಬೇಕು ಎನ್ನುತ್ತೇವೆ.

ಬೀಗ ತೆರೆಯಿತು. ಪರದೆಯ ಮೇಲೆ ನಾಲ್ಕು ಕೋರುಗಳು ಕಂಡವು. ಅಷ್ಟು ದೊಡ್ಡ ಕಂಪೆನಿಯನ್ನು ನಾನು ಹೇಗೆ ಬೇಸ್ತು ಬೀಳಿಸಿದೆ ಎಂದು ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರಿಗೆಲ್ಲ ವಿವರಿಸಿದೆ. ಬಂಟ್ವಾಳದ ಭಾವನಿಗೆ ಫೋನು ಮಾಡಿ ಹೇಳಿದರೆ, ಅದು ಹಾಲು ಕೊಡುತ್ತದೆಯೇ ಎಂದು ಕೇಳಿದರು. ವಿಜ್ಞಾನಕ್ಕೆ ನಮ್ಮ ಸಂಬಂಧಿಕರಲ್ಲಿ ಇರುವ ಮರ್ಯಾದೆ ಅಷ್ಟೇ.

ಒಂದು ಸಣ್ಣ ತೊಂದರೆ ಇತ್ತು. ನಾಲ್ಕೂ ಎದ್ದು ಕೂತ ಮೇಲೆ ಕಂಪ್ಯೂಟರಿನ ಪೆಟ್ಟಿಗೆ ದೋಸೆ ಕಾವಲಿಯ ಹಾಗೆ ಬಿಸಿಯಾಗತೊಡಗಿತು. ಬದಿಯ ಮುಚ್ಚಳ ಕಳಚಿ, ಎದುರಿಗೆ ಟೇಬಲ್ ಫ್ಯಾನು ಇಟ್ಟೆ. ಗಾಳಿ ಬೀಸುವಷ್ಟು ಹೊತ್ತೂ ಚಿತ್ರ ಹೊಳೆಯ ನೀರಿನ ಹಾಗೆ ಹರಿಯಿತು. ನಾನು ಇಂಜಿನಿಯರ್ ಆಗದೆ ಸೊಸೈಟಿಯ ಗುಮಾಸ್ತನಾದದ್ದು ದೇಶಕ್ಕೆ ನಷ್ಟ ಎಂದು ಆಗ ಅನಿಸಿತ್ತು.

ನಾಮಕರಣದ ದಿನ ಅಮ್ಮ ಟ್ರಂಕಿನಲ್ಲಿಟ್ಟಿದ್ದ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಗಣಪತಿಗೆ ಇಡದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಶುರುವಾಗುವುದಿಲ್ಲ. ಕಂಪ್ಯೂಟರಿನ ಮುಂದೆಯೇ ಬಾಳೆಲೆ ಹಾಕಿ, ಅಕ್ಕಿ, ತೆಂಗಿನಕಾಯಿ ಇಟ್ಟು ದೀಪ ಹಚ್ಚಿದರು. ಫ್ಯಾನಿನ ಗಾಳಿಗೆ ದೀಪ ನಂದಿತು. ಮತ್ತೆ ಹಚ್ಚಿದರು, ಮತ್ತೆ ನಂದಿತು. ಮುಹೂರ್ತದಲ್ಲಿ ದೀಪ ನಂದಿದರೆ ಮಗುವಿಗೆ ಒಳ್ಳೆಯದಲ್ಲ ಎನ್ನುತ್ತ ಅಮ್ಮ ಕೈ ಚಾಚಿ ಫ್ಯಾನು ಆರಿಸಿದರು.

ನಾನು ನೋಡುತ್ತಲೇ ಇದ್ದೆ. ಕಂಪೆನಿಯನ್ನು ಬೇಸ್ತು ಬೀಳಿಸಿದವನಿಗೆ, ದೀಪ ಹಚ್ಚಿ ಕೂತ ಅಮ್ಮನೊಡನೆ ವಾದಿಸುವ ಧೈರ್ಯ ಇರಲಿಲ್ಲ. ಫ್ಯಾನಿಲ್ಲದೆಯೂ ಕಂಪ್ಯೂಟರ್ ಸ್ವಲ್ಪ ಹೊತ್ತು ತಡೆದೀತು ಎಂದುಕೊಂಡೆ. ಪರದೆಯಲ್ಲಿ ತಂಗಿ ಬಂದಳು. ಮಡಿಲಲ್ಲಿದ್ದ ಮಗುವಿನ ಮುಖದಿಂದ ಬಟ್ಟೆ ಸರಿಸಲು ಕೈ ಹಾಕಿದಳು. ಅಷ್ಟಕ್ಕೆ ಕಂಪ್ಯೂಟರ್ ಕಪ್ಪಾಯಿತು. ದೀಪ ಮಾತ್ರ ನೆಟ್ಟಗೆ ಉರಿಯುತ್ತಿತ್ತು.

ನಾನು ಗುಂಡಿ ಒತ್ತಿದೆ, ವಯರು ಕಿತ್ತು ಸಿಕ್ಕಿಸಿದೆ, ಏನೂ ಆಗಲಿಲ್ಲ. ಅಮ್ಮನ ಮುಖ ನೋಡಲು ನಾಚಿಕೆಯಾಯಿತು. ಮುಹೂರ್ತ ಮೀರುತ್ತದೆಂದು ತಂಗಿಯೇ ಫೋನು ಮಾಡಿ, ತನ್ನ ಫೋನನ್ನು ಮಗುವಿನ ಕಿವಿಗೆ ಹಿಡಿದಳು. ಅಮ್ಮ ತಮ್ಮ ಬಟನ್ ಫೋನಿಗೆ ಅಂಗೈ ಅಡ್ಡ ಹಿಡಿದು, ಮೆಲ್ಲಗೆ ಮೂರು ಸಲ ಹೆಸರು ಹೇಳಿದರು.

"ಹೆಸರು ಹೇಳಿ ಆಯ್ತು," ಎಂದರು, ಕಪ್ಪು ಪರದೆ ನೋಡುತ್ತ. "ಮುಖ ಮಾತ್ರ ನೋಡ್ಲಿಕ್ಕೆ ಆಗ್ಲಿಲ್ಲ."

ಪೆಟ್ಟಿಗೆ ತಣಿದ ಮೇಲೆ, ಸಂಜೆ, ಆ ಎರಡು ಕೋರುಗಳಿಗೆ ನಾನೇ ತಿರುಗಿ ಬೀಗ ಹಾಕಿದೆ. ತಂಗಿಗೆ ಕರೆ ಹೋಯಿತು. ಚಿತ್ರ ಹಳೆಯ ಚಾಳಿಯಂತೆ ಎರಡು ಸಲ ತಡವರಿಸಿ ನಿಂತುಬಿಟ್ಟಿತು. ಈ ಸಲ ನಿಂತದ್ದು ಮಗುವಿನ ಮುಖದ ಮೇಲೆ. ಎರಡೂ ಕಣ್ಣು ಅಗಲಕ್ಕೆ ಬಿಟ್ಟುಕೊಂಡು ಅದು ನಮ್ಮ ಕಡೆಗೇ ನೋಡುತ್ತಿತ್ತು. ಕರೆ ಕಡಿದು ಮತ್ತೆ ಮಾಡಲು ನಾನು ಮೌಸಿಗೆ ಕೈ ಹಾಕಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡ ಮಗಾ, ಹಾಗೇ ಇರ್ಲಿ. ನಾನು ಸ್ವಲ್ಪ ನೋಡ್ತೇನೆ."

ಕೇಳಿಸುತ್ತಾ ಉಂಟಾ ಎಂದು ತಂಗಿ ಆಚೆಯಿಂದ ಕೇಳುತ್ತಲೇ ಇದ್ದಳು. ಅಮ್ಮ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು.